ತಾಯಿಬಳ್ಳಿಯ ಲೆಕ್ಕವನ್ನೂ ಬರೆದಿಡಬೇಕು

ಕನ್ನಡಿಗರ ಹೆಸರಿನೊಡನೆ ಊರಿನ ಹೆಸರಿರುತ್ತದೆ, ತಂದೆಯ ಹೆಸರಿರುತ್ತದೆ. ಉತ್ತರ ಕರ್ನಾಟಕದವರಾದರೆ ಮನೆತನದ ಅಡ್ಡಹೆಸರೂ ಸೇರಿರುತ್ತದೆ. ಮದುವೆಯ ಮಾತುಕತೆಯಲ್ಲಿ ವಿಚಾರಿಸುವ ಗೋತ್ರವೂ ತಂದೆಯ ಕಡೆಯಿಂದ ಬಂದದ್ದೇ. ತಾಯಿಯ ಹೆಸರನ್ನು ಕೇಳುವ ಒಳ್ಳೆಯ ರೂಢಿ ಇತ್ತೀಚಿನ ದಾಖಲೆಗಳಲ್ಲಿ ಬಂದಿದೆಯೆಂಬುದು ನಿಜ. ಆದರೆ ತಾಯಿಯ ತಾಯಿ ಯಾರು, ಆಕೆಯ ಒಡಹುಟ್ಟಿದವರು ಎಷ್ಟು ಮಂದಿ, ಅವರು ಯಾವ ಕಾಯಿಲೆಯಿಂದ ನರಳಿದರು ಎಂಬುದನ್ನು ಯಾವ ದಾಖಲೆಯೂ ಕೇಳುವುದಿಲ್ಲ. ಊರಿನಲ್ಲೇ ನೆಲೆಸಿದ್ದ ಕಾಲದಲ್ಲಿ ಅದನ್ನು ಬರೆದಿಡುವ ಅಗತ್ಯವಿರಲಿಲ್ಲ; ಮನೆಯ ಹಿರಿಯ ಹೆಂಗಸರು ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡಿದ್ದರು. ಮುಂಬಯಿಗೋ ಪುಣೆಗೋ ಚೆನ್ನೈಗೋ ಹೈದರಾಬಾದಿಗೋ ದೆಹಲಿಗೋ ಬಂದು ನೆಲೆಸಿದ ಕುಟುಂಬಗಳಲ್ಲಿ ಆ ನೆನಪು ಎರಡನೆಯ ತಲೆಮಾರಿಗೆ ತೆಳುವಾಗಿ, ಮೂರನೆಯ ತಲೆಮಾರಿಗೆ ಅಳಿಸಿಯೇ ಹೋಗುತ್ತಿದೆ.

ಇದರಿಂದ ಆಗುವ ನಷ್ಟ ಕೇವಲ ಭಾವನೆಗೆ ಸಂಬಂಧಿಸಿದ್ದೆಂದು ತಿಳಿಯಬಾರದು. ಮನುಷ್ಯನ ದೇಹದಲ್ಲಿ ತಾಯಿಯ ಕಡೆಯಿಂದಲೇ ಇಳಿದುಬರುವ ಒಂದು ಸೊತ್ತು ಇದೆ. ಅದು ಕೆಟ್ಟರೆ ಕಣ್ಣು, ಕಿವಿ, ಹೃದಯ, ಮೆದುಳು, ಸ್ನಾಯು, ಇವುಗಳಲ್ಲಿ ಯಾವುದಕ್ಕಾದರೂ ಕೇಡು ಒದಗಬಹುದು. ಆ ಕೇಡಿನ ಸುಳಿವು ಅನೇಕ ಸಂದರ್ಭಗಳಲ್ಲಿ ಸಿಗುವುದು ರಕ್ತಪರೀಕ್ಷೆಗಿಂತ ಮೊದಲು, ತಾಯಿಯ ತವರಿನ ಕಥೆಯಲ್ಲಿ. ಆದ್ದರಿಂದ ಪ್ರತಿಯೊಂದು ಕುಟುಂಬವೂ ತಾಯಿಬಳ್ಳಿಯ ಆರೋಗ್ಯದ ಲೆಕ್ಕವನ್ನು ಬರೆದಿಡುವುದು ಅವಶ್ಯ. ಬರೆದದ್ದನ್ನು ವೈದ್ಯರ ಮುಂದೆ ಇಡಬೇಕೇ ಹೊರತು ಮನೆಯ ಸೊಸೆಯನ್ನು ಹಂಗಿಸಲು ಬಳಸಬಾರದು ಎಂಬುದೂ ಅಷ್ಟೇ ಅವಶ್ಯ.

ಕೋಶದೊಳಗಿನ ವಿದ್ಯುದಾಗಾರ

ಮೈಟೊಕಾಂಡ್ರಿಯ ಎಂಬುದು ಈ ಸೊತ್ತಿನ ಹೆಸರು. ಜರ್ಮನಿಯ ಕಾರ್ಲ್ ಬೆಂಡಾ 1898ರಲ್ಲಿ, ದಾರ ಮತ್ತು ಕಣ ಎಂಬ ಅರ್ಥ ಕೊಡುವ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಈ ಹೆಸರಿಟ್ಟನು. ಸೂಕ್ಷ್ಮದರ್ಶಕದಲ್ಲಿ ಅವು ಹಾಗೆಯೇ, ಕೆಲವೆಡೆ ದಾರದ ಎಳೆಯಂತೆ, ಕೆಲವೆಡೆ ಕಾಳಿನಂತೆ ತೋರುತ್ತವೆ. ಕೆಂಪು ರಕ್ತಕಣಗಳನ್ನು ಬಿಟ್ಟರೆ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಅವು ಇವೆ. ಹೃದಯ, ಮೆದುಳು, ಯಕೃತ್ತುಗಳಂಥ ಹೆಚ್ಚು ದುಡಿಯುವ ಅಂಗಗಳ ಒಂದೊಂದು ಕೋಶದಲ್ಲಿ ನೂರಾರು ಇಲ್ಲವೇ ಸಾವಿರಾರು ಇರುತ್ತವೆ.

ಉಸಿರಾಡುವ ಆಮ್ಲಜನಕದ ಬಹುಪಾಲು ಖರ್ಚಾಗುವುದು ಈ ಕಣಗಳಲ್ಲಿಯೇ. ಉಂಡ ಅನ್ನ, ರೊಟ್ಟಿ, ಮುದ್ದೆಗಳ ಸಾರವನ್ನು ಆಮ್ಲಜನಕದೊಡನೆ ಮೆಲ್ಲನೆ ಉರಿಸಿ, ಅದರಿಂದ ಬರುವ ಶಕ್ತಿಯನ್ನು ಎ.ಟಿ.ಪಿ. ಎಂಬ ರಾಸಾಯನಿಕದ ರೂಪದಲ್ಲಿ ಅವು ಕಟ್ಟಿಡುತ್ತವೆ. ಇದು ನಡೆಯುವ ಬಗೆಯನ್ನು ಬ್ರಿಟನ್ನಿನ ಪೀಟರ್ ಮಿಚೆಲ್ 1961ರಲ್ಲಿ ಸೂಚಿಸಿದನು. ಮೊದಲು ಅನೇಕರು ಆತನ ಮಾತನ್ನು ಒಪ್ಪಲಿಲ್ಲ. 1978ರಲ್ಲಿ ಅದೇ ವಿಚಾರಕ್ಕೆ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಲಿಂಗನಮಕ್ಕಿಯಲ್ಲಿ ತಡೆದು ನಿಲ್ಲಿಸಿದ ಶರಾವತಿಯ ನೀರು ಕೆಳಗೆ ಧುಮುಕುವಾಗ ಯಂತ್ರದ ಚಕ್ರವನ್ನು ತಿರುಗಿಸಿ ವಿದ್ಯುತ್ತನ್ನು ಉತ್ಪಾದಿಸುವುದನ್ನು ಕನ್ನಡಿಗರು ಬಲ್ಲರು. ಮೈಟೊಕಾಂಡ್ರಿಯದ ಒಳಪೊರೆಯೂ ಒಂದು ಅಣೆಕಟ್ಟೆ. ಆಹಾರದ ಶಕ್ತಿಯಿಂದ ಪ್ರೋಟಾನುಗಳನ್ನು ಪೊರೆಯ ಒಂದು ಬದಿಯಲ್ಲಿ ತುಂಬಿಸಲಾಗುತ್ತದೆ. ಅವು ಮರಳಿ ಒಳಕ್ಕೆ ನುಗ್ಗುವಾಗ ಅಣುಗಾತ್ರದ ಚಕ್ರವೊಂದು ನಿಜವಾಗಿಯೂ ತಿರುಗುತ್ತದೆ, ಎ.ಟಿ.ಪಿ. ತಯಾರಾಗುತ್ತದೆ. ಹೀಗೆ ಒಂದು ದಿನದಲ್ಲಿ ತಯಾರಾಗಿ ಖರ್ಚಾಗಿ ಮತ್ತೆ ತಯಾರಾಗುವ ಎ.ಟಿ.ಪಿ.ಯ ಒಟ್ಟು ತೂಕ, ಸ್ಥೂಲವಾಗಿ ಹೇಳುವುದಾದರೆ, ಆ ಮನುಷ್ಯನ ತೂಕದಷ್ಟೇ ಆಗುತ್ತದೆ.

ಈ ಕಣಗಳಿಗೆ ಅವುಗಳದೇ ಆದ ಡಿ.ಎನ್.ಎ. ಇದೆ. ಕೋಟ್ಯಂತರ ವರ್ಷಗಳ ಹಿಂದೆ ಇವು ಸ್ವತಂತ್ರವಾಗಿ ಬಾಳುತ್ತಿದ್ದ ಬ್ಯಾಕ್ಟೀರಿಯಗಳಾಗಿದ್ದು, ಇನ್ನೊಂದು ಜೀವಕೋಶದೊಳಗೆ ಸೇರಿಕೊಂಡು ಅಲ್ಲಿಯೇ ಬಿಡಾರ ಹೂಡಿದವು ಎಂಬ ವಾದವನ್ನು ಅಮೆರಿಕದ ಲಿನ್ ಮಾರ್ಗುಲಿಸ್ 1967ರಲ್ಲಿ ಬಲವಾಗಿ ಮಂಡಿಸಿದಳು. ಇಂದು ವಿಜ್ಞಾನಿಗಳು ಅದನ್ನು ಒಪ್ಪಿದ್ದಾರೆ. ಮುಂದೆ ಹೇಳಲಿರುವ ಕಿವುಡಿನ ಕಥೆಗೆ ಈ ಸಂಗತಿಯೇ ಕೀಲಿಕೈ. ಮನುಷ್ಯನ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಕೇಂಬ್ರಿಜ್ಜಿನ ವಿಜ್ಞಾನಿಗಳು 1981ರಲ್ಲಿ ಪೂರ್ತಿಯಾಗಿ ಓದಿ ಮುಗಿಸಿದರು. ಅದರಲ್ಲಿರುವುದು 16,569 ಅಕ್ಷರಗಳು, 37 ಜೀನುಗಳು. ಗರ್ಭಧಾರಣೆಯ ಸಮಯದಲ್ಲಿ ವೀರ್ಯಾಣುವಿನ ಮೈಟೊಕಾಂಡ್ರಿಯಗಳು ಅಂಡದೊಳಗೆ ನಾಶವಾಗುತ್ತವೆ. ಅಂಡದಲ್ಲಿದ್ದವು ಮಾತ್ರ ಉಳಿಯುತ್ತವೆ. ಹೀಗಾಗಿ ಗಂಡುಮಗನಿಗೂ ಹೆಣ್ಣುಮಗಳಿಗೂ ಈ 37 ಜೀನುಗಳು ತಾಯಿಯಿಂದಲೇ ಬರುತ್ತವೆ. ಅವುಗಳನ್ನು ಮುಂದಿನ ತಲೆಮಾರಿಗೆ ದಾಟಿಸುವವಳು ಮಗಳು ಮಾತ್ರ.

ರೋಗವೆಂದು ಗುರುತಾದದ್ದು

ಮೈಟೊಕಾಂಡ್ರಿಯದ ದೋಷದಿಂದ ಮನುಷ್ಯನಿಗೆ ರೋಗ ಬರಬಹುದೆಂಬುದು ಮೊದಲು ತಿಳಿದುಬಂದದ್ದು ಸ್ವೀಡನ್ನಿನಲ್ಲಿ. 1962ರಲ್ಲಿ ರಾಲ್ಫ್ ಲುಫ್ಟ್ ಮತ್ತು ಸಂಗಡಿಗರು 35 ವರ್ಷದ ಒಬ್ಬ ಮಹಿಳೆಯ ವಿಚಿತ್ರ ಸ್ಥಿತಿಯನ್ನು ವರದಿ ಮಾಡಿದರು. ಆಕೆ ಹೊಟ್ಟೆತುಂಬ ಉಣ್ಣುತ್ತಿದ್ದರೂ ಬಡಕಲಾಗಿದ್ದಳು. ಸುಮ್ಮನೆ ಕುಳಿತರೂ ಮೈ ಬೆವರುತ್ತಿತ್ತು. ಥೈರಾಯ್ಡ್ ಗ್ರಂಥಿಯ ಕಾಯಿಲೆಯೆಂದೇ ಯಾರಿಗಾದರೂ ತೋರುವಂತಿತ್ತು, ಆದರೆ ಆ ಗ್ರಂಥಿ ಸರಿಯಾಗಿತ್ತು. ಸ್ನಾಯುವಿನ ತುಣುಕನ್ನು ಪರೀಕ್ಷಿಸಿದಾಗ ಆಕೆಯ ಮೈಟೊಕಾಂಡ್ರಿಯಗಳು ಒಲೆಯನ್ನು ಉರಿಸುತ್ತಿದ್ದರೂ ಅದಕ್ಕೆ ತಕ್ಕಷ್ಟು ಎ.ಟಿ.ಪಿ.ಯನ್ನು ಕಟ್ಟಿಡುತ್ತಿರಲಿಲ್ಲವೆಂದು ಕಂಡುಬಂತು. ಸೌದೆಯೆಲ್ಲ ಬರಿಯ ಬಿಸಿಯಾಗಿ ಹೋಗುತ್ತಿತ್ತು.

ಡಿ.ಎನ್.ಎ.ಯ ದೋಷ ಸಿಕ್ಕಲು ಮತ್ತೆ 26 ವರ್ಷ ಬೇಕಾಯಿತು. 1988ರಲ್ಲಿ ಲಂಡನ್ನಿನ ಸಂಶೋಧಕರು ಸ್ನಾಯುರೋಗಿಗಳ ಮೈಟೊಕಾಂಡ್ರಿಯದ ಡಿ.ಎನ್.ಎ.ಯಲ್ಲಿ ಕೆಲವು ಭಾಗಗಳೇ ಕಳೆದುಹೋಗಿರುವುದನ್ನು ತೋರಿಸಿದರು. ಅದೇ ವರ್ಷ ಅಮೆರಿಕದ ಡಗ್ಲಸ್ ವ್ಯಾಲೇಸ್ ಮತ್ತು ಸಂಗಡಿಗರು ತರುಣರ ದೃಷ್ಟಿಯನ್ನು ಕಸಿಯುವ ಒಂದು ರೋಗಕ್ಕೆ ಅದರಲ್ಲಿನ ಒಂದೇ ಅಕ್ಷರದ ಬದಲಾವಣೆ ಕಾರಣವೆಂದು ತೋರಿಸಿದರು. ಆ ಬಳಿಕ ಇಂಥ ನೂರಾರು ಬದಲಾವಣೆಗಳು ಪತ್ತೆಯಾಗಿವೆ. ಎಲ್ಲ ಬಗೆಗಳನ್ನೂ ಕೂಡಿಸಿದರೆ ಸುಮಾರು 5,000 ಜನರಲ್ಲಿ ಒಬ್ಬರಿಗೆ ಇಂಥ ಕಾಯಿಲೆ ಬರುತ್ತದೆಂದು ಪಾಶ್ಚಾತ್ಯ ದೇಶಗಳ ಲೆಕ್ಕ. ಒಂದೊಂದೂ ಅಪರೂಪವಾದರೂ ಒಟ್ಟಾಗಿ ಅವು ಕಡೆಗಣಿಸುವಷ್ಟು ಅಪರೂಪವಲ್ಲ.

ಮೊರದ ಅಕ್ಕಿ

ಒಬ್ಬ ತಾಯಿಯ ನಾಲ್ಕು ಮಕ್ಕಳಲ್ಲಿ ಒಬ್ಬನಿಗೆ ಕಠಿಣ ರೋಗ, ಇನ್ನೊಬ್ಬಳಿಗೆ ಬರಿಯ ಆಯಾಸ, ಮಿಕ್ಕಿಬ್ಬರಿಗೆ ಏನೂ ಇಲ್ಲ, ತಾಯಿಯೂ ಆರೋಗ್ಯವಂತೆ. ಹೀಗಿರುವಾಗ ರೋಗವು ತಾಯಿಯಿಂದ ಬಂದಿತೆನ್ನುವುದು ಹೇಗೆ ಎಂಬ ಸಂದೇಹ ಸಹಜ. ಇದಕ್ಕೆ ಉತ್ತರವನ್ನು ಅಡಿಗೆಮನೆಯಲ್ಲಿಯೇ ಕಾಣಬಹುದು. ಮೊರದ ತುಂಬ ಇರುವ ಅಕ್ಕಿಯಲ್ಲಿ ಒಂದಿಷ್ಟು ಕಲ್ಲುಗಳಿವೆಯೆಂದುಕೊಳ್ಳೋಣ. ಕಣ್ಣುಮುಚ್ಚಿ ಒಂದು ಹಿಡಿ ತೆಗೆದರೆ ಅದರಲ್ಲಿ ಒಂದೂ ಕಲ್ಲು ಬಾರದಿರಬಹುದು. ಇನ್ನೊಂದು ಹಿಡಿಯಲ್ಲಿ ಹತ್ತು ಬರಬಹುದು. ತಾಯಿಯ ಕೋಶಗಳಲ್ಲಿ ಒಳ್ಳೆಯ ಮೈಟೊಕಾಂಡ್ರಿಯ ಡಿ.ಎನ್.ಎ.ಯೂ ಕೆಟ್ಟದ್ದೂ ಬೆರೆತಿದ್ದರೆ, ಒಂದೊಂದು ಅಂಡಕ್ಕೂ ಸೇರುವ ಪಾಲು ಬೇರೆ ಬೇರೆ. ಕೆಟ್ಟದ್ದರ ಪಾಲು ಒಂದು ಮಿತಿಯನ್ನು ದಾಟಿದಾಗ ಮಾತ್ರ ರೋಗ ತಲೆಯೆತ್ತುತ್ತದೆ. ಅದೂ ಶಕ್ತಿಯ ಬೇಡಿಕೆ ಹೆಚ್ಚಿರುವ ಅಂಗಗಳಲ್ಲಿ ಮೊದಲು. ಬೇರೆ ಕೆಲವು ರೋಗಗಳಲ್ಲಿ ಎಲ್ಲ ಮಕ್ಕಳಿಗೂ ದೋಷ ಸಮನಾಗಿಯೇ ಬಂದಿರುತ್ತದೆ. ಆದರೆ ಇನ್ನೇನಾದರೂ ಒಂದು ಕಾರಣ ಕೂಡಿದಾಗ ಮಾತ್ರ ಹೊರಗೆ ಕಾಣಿಸಿಕೊಳ್ಳುತ್ತದೆ. ಆ ಕಾರಣ ಔಷಧವೇ ಆಗಿರಬಹುದೆಂಬುದು ಗಮನಿಸಬೇಕಾದ ಸಂಗತಿ.

ಒಂದು ಚುಚ್ಚುಮದ್ದು, ಒಂದು ಪ್ರಶ್ನೆ

ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತಾಗ ಕ್ಷಯರೋಗಿಗಳ ಪಾಲಿಗೆ ಹೊಸ ಬಾಳು ಬಂದಂತಾಯಿತು. ಅದೇ ಜಾತಿಯ ಜೆಂಟಮೈಸಿನ್ ಮತ್ತು ಅಮಿಕಾಸಿನ್ ಇಂದಿಗೂ, ವಿಶೇಷವಾಗಿ ನಂಜೇರಿದ ನವಜಾತ ಶಿಶುಗಳಿಗೆ, ಜೀವ ಉಳಿಸುವ ಮದ್ದುಗಳಾಗಿವೆ. ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ಕೊಟ್ಟರೆ ಇವು ಯಾರ ಕಿವಿಗಾದರೂ ಕೇಡು ಮಾಡಬಲ್ಲವೆಂಬುದು ವೈದ್ಯರಿಗೆ ಮೊದಲಿನಿಂದ ಗೊತ್ತು. ಆದರೆ ಕೆಲವು ಕುಟುಂಬಗಳಲ್ಲಿ ಸಾಧಾರಣ ಪ್ರಮಾಣದ ಕೆಲವೇ ಚುಚ್ಚುಮದ್ದುಗಳಿಂದ ಶಾಶ್ವತ ಕಿವುಡು ಬರುತ್ತಿತ್ತು. ಅದು ತಾಯಿಯ ಕಡೆಯಿಂದಲೇ ಬರುತ್ತಿರುವುದನ್ನು ಚೀನದ ವೈದ್ಯರು ಗಮನಿಸಿದ್ದರು.

ಇದರ ಗುಟ್ಟು 1993ರಲ್ಲಿ ಬಯಲಾಯಿತು. ಈ ಮದ್ದುಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುವುದು ಅವುಗಳಲ್ಲಿ ಪ್ರೋಟೀನು ತಯಾರಿಸುವ ರೈಬೊಸೋಮ್ ಎಂಬ ಯಂತ್ರಕ್ಕೆ ಅಂಟಿಕೊಂಡು. ಮೈಟೊಕಾಂಡ್ರಿಯವೂ ಮೂಲತಃ ಬ್ಯಾಕ್ಟೀರಿಯವೇ ಆದ್ದರಿಂದ ಅದರ ರೈಬೊಸೋಮಿನಲ್ಲಿ ಹಳೆಯ ಹೋಲಿಕೆ ಇದ್ದೇ ಇದೆ. ಸಾಮಾನ್ಯವಾಗಿ ಆ ಹೋಲಿಕೆ ಅಪಾಯಕಾರಿಯಲ್ಲ. ಆದರೆ ಮೈಟೊಕಾಂಡ್ರಿಯದ ಡಿ.ಎನ್.ಎ.ಯಲ್ಲಿ 1555ನೆಯ ಅಕ್ಷರ ಬದಲಾಗಿದ್ದರೆ ಹೋಲಿಕೆ ಇನ್ನಷ್ಟು ಹೆಚ್ಚುತ್ತದೆ. ಆಗ ಬ್ಯಾಕ್ಟೀರಿಯಕ್ಕೆಂದು ಕೊಟ್ಟ ಮದ್ದು ಒಳಗಿವಿಯ ಸೂಕ್ಷ್ಮ ಕೋಶಗಳ ಮೈಟೊಕಾಂಡ್ರಿಯಕ್ಕೂ ಅಂಟಿಕೊಳ್ಳುತ್ತದೆ. ಆ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಈ ದೋಷವನ್ನು ಶಿಶುವಿನ ಕೆನ್ನೆಯೊಳಗಿನ ಒರೆಸಿನಿಂದ 26 ನಿಮಿಷಗಳಲ್ಲಿ ಪತ್ತೆಹಚ್ಚುವ ಪರೀಕ್ಷೆಯನ್ನು ಪ್ರಯೋಗಿಸಿ, ಅದರ ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿದರು. ದೋಷವಿದ್ದ ಮಕ್ಕಳಿಗೆ ಬೇರೆ ಜಾತಿಯ ಮದ್ದನ್ನು ಕೊಟ್ಟು ಕಿವಿಯನ್ನು ಉಳಿಸಬಹುದು. ಭಾರತದ ಆಸ್ಪತ್ರೆಗಳಲ್ಲಿ ಇಂಥ ಪರೀಕ್ಷೆ ವಾಡಿಕೆಯಲ್ಲಿಲ್ಲ. ಆದರೆ ಪರೀಕ್ಷೆಗಿಂತ ಮೊದಲು ಕೇಳಬಹುದಾದ ಒಂದು ಪ್ರಶ್ನೆಯಿದೆ: “ತಾಯಿಯ ಕಡೆಯಲ್ಲಿ ಯಾರಿಗಾದರೂ ಇಂಜೆಕ್ಷನ್ ತೆಗೆದುಕೊಂಡ ಮೇಲೆ ಕಿವಿ ಕೇಳಿಸದಂತಾಯಿತೇ?” ಈ ಪ್ರಶ್ನೆಗೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ. ಬೇಕಾದದ್ದು ಉತ್ತರ ಗೊತ್ತಿರುವವರು. ಆಸ್ಪತ್ರೆಯಲ್ಲಿ ಅನ್ಯ ಭಾಷೆಯಲ್ಲಿ ಅವಸರದಿಂದ ಕೇಳುವ ಇಂಥ ಪ್ರಶ್ನೆಗೆ, ಅಜ್ಜಿಯ ತಮ್ಮನನ್ನು ಎಂದೂ ಕಂಡಿರದ ತರುಣ ತಂದೆ “ಇಲ್ಲ” ಎಂದುಬಿಡುವುದು ಸುಲಭ. ಆ “ಇಲ್ಲ” ಎಂಬುದರ ನಿಜವಾದ ಅರ್ಥ “ತಿಳಿಯದು” ಎಂದೇ ಆಗಿರುತ್ತದೆ. ಆತನ ಅತ್ತೆಗೆ ಒಂದು ದೂರವಾಣಿ ಕರೆ ಮಾಡಿದ್ದರೆ ನಿಜ ತಿಳಿಯುತ್ತಿತ್ತು.

ಇದನ್ನು ಓದಿ ಯಾರೂ ಚುಚ್ಚುಮದ್ದಿಗೆ ಹೆದರಬೇಕಾಗಿಲ್ಲ. ಈ ದೋಷ ಇಲ್ಲದವರೇ ಬಹುಮಂದಿ. ಪ್ರಾಣಕ್ಕೆ ಅಪಾಯವಿರುವಾಗ ಮದ್ದನ್ನು ನಿರಾಕರಿಸುವುದು ಅವಿವೇಕ. ತಿಳಿದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ, ತೀರ್ಮಾನವನ್ನು ಅವರಿಗೆ ಬಿಡುವುದೇ ಸರಿಯಾದ ಮಾರ್ಗ.

ಮಾವನಿಂದ ಅಳಿಯನಿಗೆ

ಜರ್ಮನಿಯ ನೇತ್ರವೈದ್ಯ ಥಿಯೊಡೊರ್ ಲೀಬರ್ 1871ರಲ್ಲಿ ಒಂದು ರೋಗವನ್ನು ವರ್ಣಿಸಿದನು. ಹರೆಯದವರಿಗೆ, ಬಹುಮಟ್ಟಿಗೆ ಗಂಡಸರಿಗೆ, ನೋವೇ ಇಲ್ಲದೆ ಒಂದು ಕಣ್ಣು ಮಸುಕಾಗುತ್ತದೆ. ಕೆಲವು ವಾರ ಇಲ್ಲವೇ ತಿಂಗಳುಗಳೊಳಗೆ ಇನ್ನೊಂದೂ ಅದೇ ದಾರಿ ಹಿಡಿಯುತ್ತದೆ. ವ್ಯಾಲೇಸ್ 1988ರಲ್ಲಿ ಮೂಲವನ್ನು ಕಂಡುಹಿಡಿದದ್ದು ಈ ರೋಗಕ್ಕೇ. ದೋಷವನ್ನು ಹೊತ್ತ ಗಂಡಸರಲ್ಲಿ ಅನೇಕರಿಗೆ, ಹೆಂಗಸರಲ್ಲಿ ಕೆಲವರಿಗೆ ಮಾತ್ರ ದೃಷ್ಟಿ ಹೋಗುತ್ತದೆ. ಆದ್ದರಿಂದ ಮನೆತನದ ಚರಿತ್ರೆಯನ್ನು ಕೇಳಿದರೆ ರೋಗವು ಸೋದರಮಾವನಿಂದ ಅಳಿಯನಿಗೆ ಬಂದಂತೆ ತೋರುತ್ತದೆ. ನಿಜವಾಗಿ ಅದನ್ನು ದಾಟಿಸಿದವಳು, ತಾನು ಚೆನ್ನಾಗಿಯೇ ಇರುವ ಅಕ್ಕ ಅಥವಾ ತಂಗಿ.

ತುಳುನಾಡಿನಿಂದ ಮುಂಬಯಿಗೆ ಬಂದು ನೆಲೆಸಿದವರಿಗೆ ಈ ದಾರಿ ಹೊಸದೆನಿಸಲಾರದು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರ ಅಳಿಯಸಂತಾನ ಪದ್ಧತಿಯಲ್ಲಿ ‘ಬಳಿ’ ತಾಯಿಯಿಂದಲೇ ಬರುತ್ತದೆ. ಆಸ್ತಿಯ ಹಕ್ಕೂ ಆ ಸಾಲಿನಲ್ಲಿಯೇ ಇಳಿಯುತ್ತಿತ್ತು. ಮೈಟೊಕಾಂಡ್ರಿಯ ಇಳಿಯುವುದೂ ಇದೇ ಸಾಲಿನಲ್ಲಿ. ಹಿರಿಯರು ಈ ವಿಜ್ಞಾನವನ್ನು ಮೊದಲೇ ತಿಳಿದಿದ್ದರೆಂದು ಹೆಮ್ಮೆಪಡುವುದು ಸರಿಯಾಗದು. ಅದು ಭೂಮಿಕಾಣಿಗೂ ಮನೆತನಕ್ಕೂ ಸಂಬಂಧಿಸಿದ ಕಟ್ಟಳೆ. ಆದರೆ ಆ ಕಟ್ಟಳೆಯಿಂದಾಗಿ ತಾಯಿಯ ತಾಯಿಯ ತಾಯಿಯ ಹೆಸರನ್ನು ನೆನಪಿಡುವ ಅಭ್ಯಾಸ ಆ ಮನೆತನಗಳಲ್ಲಿ ಉಳಿದಿದೆ. ಉಳಿದ ಕನ್ನಡಿಗರು ಅವರಿಂದ ಕಲಿಯಬೇಕಾದದ್ದು ಆ ಅಭ್ಯಾಸವನ್ನು.

ಬಯಲುಸೀಮೆಯಲ್ಲಿಯೂ ಹಳೆಯ ಮೈಸೂರಿನಲ್ಲಿಯೂ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಬಹುಕಾಲದಿಂದ ಇತ್ತು. ಈಗಲೂ ಪೂರ್ತಿ ಹೋಗಿಲ್ಲ. ಅಂಥ ಕುಟುಂಬಗಳ ಲೆಕ್ಕ ಬರೆಯುವಾಗ ವಿಶೇಷ ಎಚ್ಚರ ಬೇಕು. ತಂದೆಗಿದ್ದ ಕಾಯಿಲೆಯೇ ಮಗನಿಗೂ ಬಂದರೆ, ಅದು ತಂದೆಯಿಂದ ಬಂದದ್ದೆಂದು ಹೊರಗಿನ ವೈದ್ಯರು ಭಾವಿಸಿ, ಮೈಟೊಕಾಂಡ್ರಿಯದ ಮಾತನ್ನೇ ಕೈಬಿಡಬಹುದು. ವಾಸ್ತವದಲ್ಲಿ ಅದು ಅಜ್ಜಿಯಿಂದ ಅಕ್ಕನಿಗೆ, ಅಕ್ಕನಿಂದ ಆಕೆಯ ಮಗಳಿಗೆ, ಆ ಮಗಳಿಂದ ಈ ಮಗುವಿಗೆ ಇಳಿದುಬಂದಿರಬಹುದು. ಗಂಡಹೆಂಡಿರಿಬ್ಬರೂ ಒಂದೇ ತಾಯಿಬಳ್ಳಿಯವರು ಎಂಬ ಒಂದು ಮಾತನ್ನು ಹೇಳಿದರೆ ಈ ಗೊಂದಲ ಬಗೆಹರಿಯುತ್ತದೆ.

ರಕ್ತಸಂಬಂಧದ ಮದುವೆಗೆ ಇನ್ನೊಂದು ಮುಖವೂ ಉಂಟು. ಮೈಟೊಕಾಂಡ್ರಿಯ ಕೆಲಸಮಾಡಲು ಬೇಕಾದ ಸಾವಿರಕ್ಕೂ ಮಿಕ್ಕ ಪ್ರೋಟೀನುಗಳಲ್ಲಿ 13ಕ್ಕೆ ಮಾತ್ರ ಅದರ ಸ್ವಂತ ಡಿ.ಎನ್.ಎ. ಸಾಕು, ಉಳಿದೆಲ್ಲಕ್ಕೂ ಆದೇಶ ಬರುವುದು ಕೋಶಕೇಂದ್ರದ ಜೀನುಗಳಿಂದ, ಅಂದರೆ ತಂದೆ ತಾಯಿ ಇಬ್ಬರಿಂದಲೂ. ಇಬ್ಬರೂ ಒಂದೇ ದೋಷವನ್ನು ಮರೆಯಲ್ಲಿ ಹೊತ್ತಿದ್ದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಸಂಬಂಧದೊಳಗಿನ ಮದುವೆಯಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು. ಮಕ್ಕಳಿಗೆ ಬರುವ ಮೈಟೊಕಾಂಡ್ರಿಯ ರೋಗಗಳಲ್ಲಿ ಈ ಬಗೆಯವೂ ಅನೇಕ. ಇಲ್ಲಿಯೂ ಔಷಧದ ಪ್ರಶ್ನೆ ಬರುತ್ತದೆ. ಪೋಲ್‌ಜಿ ಎಂಬ ಜೀನಿನಲ್ಲಿ ದೋಷವಿರುವವರಿಗೆ, ಮೂರ್ಛೆರೋಗಕ್ಕೆ ಸಾಮಾನ್ಯವಾಗಿ ಕೊಡುವ ವಾಲ್ಪ್ರೊಯೇಟ್ ಎಂಬ ಮದ್ದು ಯಕೃತ್ತನ್ನು ಪೂರ್ತಿ ಕೆಡಿಸಬಲ್ಲದು. ಅಣ್ಣನೋ ಅಕ್ಕನೋ ಅದೇ ಮದ್ದಿನ ಬಳಿಕ ಕಾಮಾಲೆಯಿಂದ ತೀರಿಕೊಂಡದ್ದನ್ನು ದುಃಖದ ವಿಷಯವೆಂದು ಮನೆಯವರು ಮುಚ್ಚಿಟ್ಟರೆ, ಬದುಕಿರುವ ಮಗುವನ್ನು ಅಪಾಯಕ್ಕೆ ಒಡ್ಡಿದಂತಾಗುತ್ತದೆ.

ತಜ್ಞರು ಹಲವರು, ರೋಗಿ ಒಬ್ಬನೇ

ಮಹಾನಗರಗಳಲ್ಲಿ ವೈದ್ಯಕೀಯ ಸೌಲಭ್ಯಕ್ಕೆ ಕೊರತೆಯಿಲ್ಲ. ಆದರೂ ಈ ರೋಗಗಳು ಅಲ್ಲಿಯೇ ಕಣ್ತಪ್ಪುತ್ತವೆ. ಮೈಟೊಕಾಂಡ್ರಿಯದ ಕೇಡು ಒಂದೇ ಅಂಗಕ್ಕೆ ನಿಲ್ಲುವುದಿಲ್ಲ. ಮಹಾನಗರದ ವೈದ್ಯರಾದರೋ ಒಬ್ಬೊಬ್ಬರು ಒಂದೊಂದು ಅಂಗವನ್ನು ಹಂಚಿಕೊಂಡಿದ್ದಾರೆ. 3243ನೆಯ ಅಕ್ಷರದ ಬದಲಾವಣೆಯೊಂದು ಮಧುಮೇಹವನ್ನೂ ಕಿವುಡನ್ನೂ ಜೊತೆಯಾಗಿ ತರಬಲ್ಲದೆಂದು 1992ರಿಂದ ತಿಳಿದಿದೆ. ಅದೇ ಬದಲಾವಣೆ ಇನ್ನು ಕೆಲವರಲ್ಲಿ ಚಿಕ್ಕ ವಯಸ್ಸಿಗೇ ಲಕ್ವದಂಥ ಆಘಾತ, ಮೂರ್ಛೆ, ತಲೆಶೂಲೆಗಳನ್ನು ತರುತ್ತದೆ. ತಾಯಿಯ ಸಕ್ಕರೆ ಕಾಯಿಲೆಗೆ ಒಬ್ಬ ವೈದ್ಯರು, ಆಕೆಯ ಕಿವಿಗೆ ಇನ್ನೊಬ್ಬರು, ಮಗನ ಮೂರ್ಛೆಗೆ ಮತ್ತೊಬ್ಬರು, ತಂಗಿಯ ಹೃದಯಕ್ಕೆ ಬೇರೆ ಊರಿನ ವೈದ್ಯರು. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಾರೆ. ನಾಲ್ಕೂ ಒಂದೇ ಬೇರಿನಿಂದ ಬಂದಿರಬಹುದೆಂಬ ಸಂಶಯ ಹುಟ್ಟಲು ನಾಲ್ಕನ್ನೂ ಒಂದೇ ಹಾಳೆಯಲ್ಲಿ ಕಾಣಬೇಕು. ಹಿಂದೆ ಇಡೀ ಮನೆತನವನ್ನು ಬಲ್ಲ ಊರಿನ ವೈದ್ಯರಿಗೆ ಅದು ಸಾಧ್ಯವಾಗುತ್ತಿತ್ತು. ಈಗ ಆ ಹಾಳೆಯನ್ನು ಮನೆಯವರೇ ಸಿದ್ಧಪಡಿಸಿಕೊಳ್ಳಬೇಕಾಗಿದೆ.

ಸಂಶಯ ಬಂದ ಮೇಲೆ ಮುಂದಿನ ದಾರಿ ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುವಿನ ತುಣುಕನ್ನು ಪರೀಕ್ಷಿಸಿ ಇಂಥ ರೋಗಗಳನ್ನು ಗುರುತಿಸುವ ಕೆಲಸ ಬಹುಕಾಲದಿಂದ ನಡೆದಿದೆ. ಹೈದರಾಬಾದಿನ ಸಿ.ಸಿ.ಎಂ.ಬಿ.ಯಲ್ಲಿ ಭಾರತೀಯರ ಮೈಟೊಕಾಂಡ್ರಿಯ ಡಿ.ಎನ್.ಎ.ಯ ಬಗೆಗೆ ವಿಸ್ತಾರವಾದ ಸಂಶೋಧನೆ ನಡೆದಿದೆ. ಪೂರ್ತಿ ಗುಣಪಡಿಸುವ ಔಷಧ ಹೆಚ್ಚಿನ ರೋಗಗಳಿಗೆ ಇನ್ನೂ ಇಲ್ಲ. ಲೀಬರನ ಕಣ್ಣಿನ ರೋಗಕ್ಕೆ ಇಡೆಬೆನೋನ್ ಎಂಬ ಮದ್ದಿಗೆ ಯುರೋಪಿನಲ್ಲಿ 2015ರಲ್ಲಿ ಒಪ್ಪಿಗೆ ದೊರೆತಿದೆ. ಅದರ ಫಲ ಎಲ್ಲರಿಗೂ ಸಮನಲ್ಲ. ಹಾಗಿದ್ದರೆ ರೋಗವನ್ನು ಗುರುತಿಸಿ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಪ್ರಯೋಜನವುಂಟು. ಕೆಡುಕು ಮಾಡುವ ಮದ್ದನ್ನು ತಪ್ಪಿಸಬಹುದು. ಹೃದಯದ ತೊಂದರೆಯನ್ನು ಮೊದಲೇ ಕಂಡುಕೊಳ್ಳಬಹುದು. ಕಿವುಡಾದವರಿಗೆ ಯಂತ್ರ ಹಾಕಿಸಬಹುದು. ಲೀಬರನ ರೋಗವಿರುವ ಮನೆತನದ ಹುಡುಗನಿಗೆ ಬೀಡಿ ಸಿಗರೇಟು ಆತನ ಕಣ್ಣಿಗೇ ಶತ್ರುವೆಂದು ಹೇಳಬಹುದು. ಹತ್ತಾರು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಕುಟುಂಬಕ್ಕೆ ರೋಗದ ಹೆಸರು ತಿಳಿಯುವುದೇ ಒಂದು ನೆಮ್ಮದಿ.

ತಾಯಿಯ ತಪ್ಪಲ್ಲ

ತಾಯಿಬಳ್ಳಿಯ ಮಾತೆತ್ತಿದಾಗ ಒಂದು ಭಯ ಎದುರಾಗುತ್ತದೆ. ಅದು ನಿರಾಧಾರವೂ ಅಲ್ಲ. ಹೆಣ್ಣು ಹೆತ್ತರೆ ಸೊಸೆಯ ತಪ್ಪು, ಮಕ್ಕಳಾಗದಿದ್ದರೆ ಸೊಸೆಯ ತಪ್ಪು ಎನ್ನುವ ಮನೆಗಳಲ್ಲಿ “ರೋಗ ತಾಯಿಯಿಂದ ಬಂತು” ಎಂಬ ವೈದ್ಯರ ಮಾತು ಯಾವ ರೂಪ ತಾಳೀತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇಂಥ ಮಾತಿಗೆ ಹೆದರಿ ತವರಿನವರು ತಮ್ಮ ಕಡೆಯ ಕಾಯಿಲೆಗಳನ್ನು ಮುಚ್ಚಿಡುತ್ತಾರೆ. ವಿಜ್ಞಾನವು ಈ ದೂರಿಗೆ ಎಡೆಗೊಡುವುದಿಲ್ಲ. ಯಾವ ಅಂಡಕ್ಕೆ ಎಷ್ಟು ಪಾಲು ಸೇರಬೇಕೆಂದು ತೀರ್ಮಾನಿಸುವ ಶಕ್ತಿ ಯಾವ ತಾಯಿಗೂ ಇಲ್ಲ. ಆಕೆ ಉಂಡದ್ದರಿಂದ, ದುಡಿದದ್ದರಿಂದ, ವ್ರತ ತಪ್ಪಿದ್ದರಿಂದ ಅಕ್ಷರ ಬದಲಾದದ್ದಲ್ಲ. ಇನ್ನು ಮಗನ ಮೈಯಲ್ಲಿರುವ ಮೈಟೊಕಾಂಡ್ರಿಯ ಆತನ ಸ್ವಂತ ತಾಯಿಯದು. ಸೊಸೆಯನ್ನು ದೂರುವ ಅತ್ತೆಯೂ ತನ್ನ ಮಕ್ಕಳಿಗೆ ತನ್ನ ತವರಿನದನ್ನೇ ಕೊಟ್ಟಿರುತ್ತಾಳೆ. ಶಕ್ತಿ ಬಂದ ದಾರಿಯಲ್ಲಿಯೇ ದೋಷವೂ ಬರಬಹುದು. ತಾಯಿ ಕೊಟ್ಟ ಶಕ್ತಿಯಿಂದ ಉಸಿರಾಡುತ್ತಾ ದೋಷಕ್ಕೆ ಮಾತ್ರ ಆಕೆಯನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಬ್ರಿಟನ್ನಿನಲ್ಲಿ 2015ರಲ್ಲಿ ಒಂದು ಹೊಸ ಕಾನೂನು ಬಂತು. ಅದರಂತೆ ದೋಷವುಳ್ಳ ತಾಯಿಯ ಕೋಶಕೇಂದ್ರದ ಭಾಗವನ್ನು, ಇನ್ನೊಬ್ಬ ಮಹಿಳೆ ದಾನಮಾಡಿದ ಅಂಡದ ಆರೋಗ್ಯಕರ ಮೈಟೊಕಾಂಡ್ರಿಯದೊಡನೆ ಸೇರಿಸಲು ಅನುಮತಿಯಿದೆ. ನ್ಯೂಕ್ಯಾಸಲ್ ನಗರದಲ್ಲಿ ಈ ವಿಧಾನದಿಂದ ಎಂಟು ಮಕ್ಕಳು ಹುಟ್ಟಿರುವುದನ್ನು ಅಲ್ಲಿನ ವೈದ್ಯರು 2025ರ ಜುಲೈಯಲ್ಲಿ ಪ್ರಕಟಿಸಿದರು. ಇದು ದೊಡ್ಡ ಸಾಧನೆಯೇ. ಆದರೆ ಅಲ್ಲಿಯೂ ಚಿಕಿತ್ಸೆಯ ಬಾಗಿಲು ತೆರೆಯುವುದು ತಾಯಿಬಳ್ಳಿಯ ಚರಿತ್ರೆ ಗೊತ್ತಿದ್ದವರಿಗೆ.

ಅತಿರೇಕವೂ ಬೇಡ

ಮೈಟೊಕಾಂಡ್ರಿಯದ ಹೆಸರು ಈಗ ಅಂಗಡಿಗೂ ಬಂದಿದೆ. ಆಯಾಸ, ಮುಪ್ಪು, ಮರೆವು, ಬೊಜ್ಜು ಎಲ್ಲಕ್ಕೂ ಅದೇ ಕಾರಣವೆಂದು ಹೇಳಿ ಮಾತ್ರೆಗಳನ್ನು ಮಾರುವವರುಂಟು. ಪಾರ್ಕಿನ್ಸನ್ ರೋಗಿಗಳ ಮೆದುಳಿನ ಒಂದು ಭಾಗದಲ್ಲಿ ಮೈಟೊಕಾಂಡ್ರಿಯದ ಕೆಲಸ ಕುಂದಿರುವುದು 1989ರಿಂದ ತಿಳಿದಿದೆ. ವಯಸ್ಸಾದಂತೆ ಅದರ ಡಿ.ಎನ್.ಎ.ಯಲ್ಲಿ ಹಾನಿ ಕೂಡಿಬರುವುದೂ ನಿಜ. ಆದರೆ ಸಾಮಾನ್ಯ ರೋಗಗಳಲ್ಲಿ ಈ ಕುಂದು ಎಷ್ಟರಮಟ್ಟಿಗೆ ಕಾರಣ, ಎಷ್ಟರಮಟ್ಟಿಗೆ ಪರಿಣಾಮ ಎಂಬ ಪ್ರಶ್ನೆ ಇತ್ಯರ್ಥವಾಗಿಲ್ಲ. ಕೋಎಂಜೈಮ್ ಕ್ಯೂ10 ಎಂಬ ಪದಾರ್ಥ ಅದರ ಹುಟ್ಟುಕೊರತೆಯುಳ್ಳ ಕೆಲವರಿಗೆ ನಿಜವಾಗಿಯೂ ಮದ್ದು. ದಣಿದ ಪ್ರತಿಯೊಬ್ಬರಿಗೂ ಅದನ್ನು ಮಾರುವುದು ವ್ಯಾಪಾರ. ಇಲಿಗಳನ್ನು ಪ್ರತಿದಿನ ಓಡಿಸಿದರೆ ಅವುಗಳ ಸ್ನಾಯುಗಳ ಮೈಟೊಕಾಂಡ್ರಿಯದ ಸಾಮರ್ಥ್ಯ ಹೆಚ್ಚುಕಡಮೆ ಇಮ್ಮಡಿಯಾಗುವುದನ್ನು ಅಮೆರಿಕದ ಜಾನ್ ಹೊಲೊಸ್ಜಿ 1967ರಲ್ಲಿ ತೋರಿಸಿದನು. ವ್ಯಾಯಾಮದಿಂದ ಮನುಷ್ಯನಿಗೂ ಇಂಥದೇ ಲಾಭವುಂಟು. ಆರೋಗ್ಯವಂತರು ಟಾನಿಕ್ಕಿಗೆ ಸುರಿಯುವ ಹಣವನ್ನು ಉಳಿಸಿ ಎರಡು ನಿಲ್ದಾಣಗಳ ದೂರ ನಡೆದರೆ ಹೆಚ್ಚು ಫಲ ಸಿಕ್ಕೀತು.

ಬರೆಯಬೇಕಾದದ್ದು

ತಾಯಿಬಳ್ಳಿಯ ಲೆಕ್ಕವೆಂದರೆ ದೊಡ್ಡ ಗ್ರಂಥವೇನಲ್ಲ. ಒಂದು ಹಾಳೆ ಸಾಕು. ಮಕ್ಕಳಿಂದ ತೊಡಗಿ ತಾಯಿ, ಆಕೆಯ ಒಡಹುಟ್ಟಿದವರು, ತಾಯಿಯ ತಾಯಿ, ಆಕೆಯ ಒಡಹುಟ್ಟಿದವರು, ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು, ಇವರ ಹೆಸರುಗಳನ್ನು ಸಾಲಾಗಿ ಬರೆಯಬೇಕು. ಪ್ರತಿಯೊಂದು ಹೆಸರಿನ ಎದುರಿಗೆ ಕೆಲವು ಸಂಗತಿಗಳು: ಕಿವುಡು ಬಂದಿತೇ, ಬಂದಿದ್ದರೆ ಯಾವ ವಯಸ್ಸಿನಲ್ಲಿ, ಯಾವ ಮದ್ದಿನ ಬಳಿಕ, ಹರೆಯದಲ್ಲಿ ದೃಷ್ಟಿ ಹೋಯಿತೇ, ತೆಳ್ಳಗಿದ್ದರೂ ಮಧುಮೇಹ ಬಂದಿತೇ, ರೆಪ್ಪೆ ಇಳಿಬಿದ್ದಿತೇ, ಚಿಕ್ಕ ವಯಸ್ಸಿನಲ್ಲಿ ಲಕ್ವ, ಮೂರ್ಛೆ, ಹೃದಯದ ತೊಂದರೆ ಬಂದುವೇ, ಕೂಸುಗಳು ಕಾರಣ ತಿಳಿಯದೆ ತೀರಿಕೊಂಡವೇ, ರಕ್ತಸಂಬಂಧದಲ್ಲಿ ಮದುವೆಯಾಗಿತ್ತೇ. ಗೊತ್ತಿಲ್ಲದ ಕಡೆ ‘ಇಲ್ಲ’ ಎಂದು ಬರೆಯದೆ ‘ತಿಳಿಯದು’ ಎಂದೇ ಬರೆಯಬೇಕು. ಇದರಲ್ಲಿ ಒಂದೆರಡು ಕಂಡರೆ ಮೈಟೊಕಾಂಡ್ರಿಯದ ರೋಗವೆಂದು ಗಾಬರಿಪಡಬಾರದು. ಬೇರೆ ಕಾರಣಗಳೇ ಹೆಚ್ಚು. ಅರ್ಥಮಾಡಿಕೊಳ್ಳುವ ಹೊಣೆ ವೈದ್ಯರದು, ಒದಗಿಸುವ ಹೊಣೆ ಮನೆಯವರದು.

ಕನ್ನಡ ಸಂಘಗಳು ರಾಜ್ಯೋತ್ಸವ ನಡೆಸುತ್ತವೆ, ನಾಟಕವಾಡಿಸುತ್ತವೆ, ರಕ್ತದಾನ ಶಿಬಿರ ಏರ್ಪಡಿಸುತ್ತವೆ. ವರ್ಷಕ್ಕೊಂದು ಭಾನುವಾರ ಸಂಘದ ಹಿರಿಯ ಮಹಿಳೆಯರನ್ನು ಕೂರಿಸಿ, ಮೊಮ್ಮಕ್ಕಳ ಕೈಗೆ ಲೇಖನಿ ಕೊಟ್ಟು, ಈ ಹಾಳೆಯನ್ನು ತುಂಬಿಸುವ ಕಾರ್ಯಕ್ರಮವನ್ನೂ ಸೇರಿಸಿಕೊಳ್ಳಬಹುದು. ಹಾಳೆ ಆಯಾ ಕುಟುಂಬದ ಬಳಿಯೇ ಉಳಿಯಲಿ. ಸಂಘದ ಕಪಾಟಿಗೂ ಬೇಡ, ಬೀಗರ ಕಣ್ಣಿಗೂ ಬೇಡ. ಊರಿನ ನೆನಪನ್ನು ಹೊತ್ತ ಆ ಹಿರಿಯರ ತಲೆಮಾರು ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಅವರು ಬಲ್ಲದ್ದನ್ನು ಅವರ ಬಾಯಿಂದಲೇ, ಅವರ ಮಾತಿನಲ್ಲಿಯೇ ಕೇಳಿ ಬರೆದುಕೊಳ್ಳಲು ಉಳಿದಿರುವ ಕಾಲ ಹೆಚ್ಚಿಲ್ಲ.